ಕಂಬಂ ಕಣಿವೆಯಲ್ಲಿ ಕಾರ್ಟೆನ್

ಜುಲೈ 9, 2025. ತೇನಿ

ಮಧುರೆಯಲ್ಲಿ ಬೋಡಿ ಗಾಡಿ ಹತ್ತಿ ತೇನಿಯಲ್ಲಿ ಇಳಿದೆ. ಈ ಹಳಿಯ ಜಾತಕವೇ ವಿಚಿತ್ರ. 1928ರಲ್ಲಿ ಹಾಕಿದ್ದನ್ನು ಎರಡನೇ ಮಹಾಯುದ್ಧಕ್ಕೆ ಕಬ್ಬಿಣ ಬೇಕೆಂದು ಕಿತ್ತೊಯ್ದರು. ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಹಾಕಿದರು. ಬ್ರಾಡ್‌ಗೇಜ್ ಮಾಡುತ್ತೇವೆಂದು 2010ರ ಕೊನೆಗೆ ನಿಲ್ಲಿಸಿದ ಗಾಡಿ ತೇನಿಗೆ ಮರಳಿದ್ದು 2022ರ ಮೇ ತಿಂಗಳಲ್ಲಿ, ಬೋಡಿ ಮುಟ್ಟಿದ್ದು 2023ರ ಜೂನ್‌ನಲ್ಲಿ. ಇಷ್ಟು ಸಲ ಕಿತ್ತು ಹಾಕಿಸಿಕೊಂಡ ಹಳಿ ಇನ್ನೆಲ್ಲಾದರೂ ಉಂಟೋ ಇಲ್ಲವೋ.

ಇಳಿದವನು ಅಭ್ಯಾಸಬಲದಿಂದ ಬೋಗಿಯ ಕೆಳಗೆ ಬಗ್ಗಿ ನೋಡಿದೆ. ಪಾಯಿಖಾನೆಯ ಕೆಳಗಿನ ಮೂಲೆ, ಬಾಗಿಲ ಹೊಸ್ತಿಲ ಬುಡ, ಸೋಲ್ ಬಾರ್. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದರೂ ಈ ಚಾಳಿ ಹೋಗಿಲ್ಲ. ಪ್ಲಾಟ್‌ಫಾರ್ಮಿನ ಪೊಲೀಸಪ್ಪ ಅನುಮಾನದಿಂದ ನೋಡುತ್ತಿದ್ದ.

ಅಳಿಯ (ಅಕ್ಕನ ಮಗ, ಬೆಂಗಳೂರಲ್ಲಿ ಆರ್ಕಿಟೆಕ್ಟ್) ಕಾರು ತಂದಿದ್ದ. ಹಿಂದಿನ ಸೀಟಿನಲ್ಲಿ ಅಂಗೈಯಗಲದ ಉಕ್ಕಿನ ತುಂಡುಗಳು, ಒಂದಕ್ಕಿಂತ ಒಂದು ಚೆಂದದ ತುಕ್ಕಿನ ಬಣ್ಣದವು. "ಮಾಮಾ, ಕಾರ್ಟೆನ್. ಈಗ ಎಲ್ಲಾರೂ ಇದನ್ನ ಕೇಳ್ತಾರ. ನೀವು ಜೀವಮಾನ ಪೂರ್ತಿ ಇದರಾಗ ಕಳದೀರಿ, ಒಮ್ಮೆ ಜಾಗ ನೋಡಿ ಹೇಳ್ರಿ" ಎಂದ. ಜೀವಮಾನ ಕಳೆದದ್ದು ಇದರ ಚೆಂದ ನೋಡುತ್ತ ಅಲ್ಲ, ಇದು ಎಲ್ಲೆಲ್ಲಿ ತೂತು ಬೀಳುತ್ತದೆಂದು ಸುತ್ತಿಗೆಯಿಂದ ಬಡಿದು ನೋಡುತ್ತ. ಅದನ್ನು ನಾಳೆ ಹೇಳಿದರಾಯಿತು.

ಜುಲೈ 10. ಕಂಬಂ

ಚಿನ್ನಮನೂರು, ಉತ್ತಮಪಾಳಯಂ ದಾಟಿ ಬಂದೆವು. ಒಂದು ಕಡೆ ಮೇಘಮಲೆ, ಇನ್ನೊಂದು ಕಡೆ ಕೇರಳದ ಏಲಕ್ಕಿ ಬೆಟ್ಟ, ನಡುವೆ ಭತ್ತ, ತೆಂಗು, ಬಾಳೆ, ದ್ರಾಕ್ಷಿ. ಇಲ್ಲಿಯ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಪಟ್ಟ ಸಿಕ್ಕಿದೆ. ವರ್ಷದ ಯಾವ ತಿಂಗಳು ಬಂದರೂ ಎಲ್ಲೋ ಒಂದು ತೋಟದಲ್ಲಿ ಕೊಯ್ಲು ನಡೆದೇ ಇರುತ್ತದೆ.

ತೋಟದ ಯಜಮಾನರು ಗೌಡರು. ಕಾಪ್ಪಿಲಿಯರ ಮನೆತನ. ಮನೆಯೊಳಗೆ ಕನ್ನಡ, ಹೊರಗೆ ತಮಿಳು. ಇವರ ಹಿರೀಕರು ತುಂಗಭದ್ರೆಯ ಕಡೆಯಿಂದ ಬಂದವರೆಂದು 1906ರ ಮಧುರಾ ಗೆಜೆಟಿಯರಿನಲ್ಲೂ ಇದೆ. ನನ್ನ ಹುಬ್ಬಳ್ಳಿ ಕನ್ನಡಕ್ಕೆ ಅವರು ನಕ್ಕರು, ಅವರದಕ್ಕೆ ನಾನು. ಆದರೂ ಊಟದ ಎಲೆಯ ಮುಂದೆ ಯಾವ ಮಾತೂ ತಪ್ಪಿಹೋಗಲಿಲ್ಲ.

ಅತಿಥಿಗಳು ಉಳಿಯುವಂಥ ನಾಲ್ಕು ಕೋಣೆಯ ಮನೆ, ಒಂದು ದ್ರಾಕ್ಷಾರಸದ ಅಂಗಡಿ ಕಟ್ಟಬೇಕೆಂದು ಗೌಡರ ಆಸೆ. ಅಳಿಯನ ನಕ್ಷೆಯಲ್ಲಿ ಕಾರ್ಟೆನ್ ಇಲ್ಲದ ಜಾಗವೇ ಇಲ್ಲ. ಹೆಬ್ಬಾಗಿಲು ಕಾರ್ಟೆನ್, ಚಾವಣಿ ಕಾರ್ಟೆನ್, ಕಾಲುವೆಯ ಮೇಲಿನ ಕಾಲುಸೇತುವೆ ಕಾರ್ಟೆನ್, ಹೂವಿನ ತೊಟ್ಟಿ ಕಾರ್ಟೆನ್. ಗೌಡರಿಗೆ ಇದರ ತಲೆಬುಡ ತಿಳಿದಿಲ್ಲ. ಹೊಸ ಕಬ್ಬಿಣಕ್ಕೆ ದುಡ್ಡು ಕೊಟ್ಟು ತುಕ್ಕು ಹಿಡಿಸುವುದು ಯಾಕೆ ಎಂಬ ಪ್ರಶ್ನೆಯನ್ನು ಮರ್ಯಾದೆಗೆ ಕೇಳದೆ ಕೂತಿದ್ದಾರೆ.

ಅಂಗಳದಲ್ಲಿ ಹಸಿರು ಬಣ್ಣದ ಜಾನ್ ಡಿಯರ್ ಟ್ರ್ಯಾಕ್ಟರ್ ನಿಂತಿತ್ತು. ಅದನ್ನೇ ತೋರಿಸಿ ಮಾತು ತೆಗೆದೆ. ಗೌಡರೇ, ಮನುಷ್ಯರು ಕೂತು ಕೆಲಸ ಮಾಡುವ ಕಟ್ಟಡಕ್ಕೆ ಈ ತುಕ್ಕಿನ ಉಕ್ಕನ್ನು ಮೊದಲು ಧೈರ್ಯವಾಗಿ ಹಾಕಿದ್ದು ನಿಮ್ಮ ಈ ಟ್ರ್ಯಾಕ್ಟರಿನ ಕಂಪನಿಯೇ. ಅಮೆರಿಕದ ಇಲಿನಾಯ್ ರಾಜ್ಯದ ಮೊಲೀನ್ ಊರಿನಲ್ಲಿ ಅವರ ಮುಖ್ಯ ಕಚೇರಿ ಇದೆ. ನಕ್ಷೆ ಈರೋ ಸಾರಿನೆನ್‌ನದು. ಕಟ್ಟಿ ಮುಗಿದದ್ದು 1964ರಲ್ಲಿ, ಆ ಹೊತ್ತಿಗೆ ಆತ ತೀರಿಕೊಂಡಿದ್ದ. ನೇಗಿಲು, ಟ್ರ್ಯಾಕ್ಟರು ಮಾಡುವವರ ಕಚೇರಿಗೆ ಥಳಥಳ ಗಾಜಿಗಿಂತ ಮಣ್ಣಿನ ಬಣ್ಣದ ಕಬ್ಬಿಣ ಒಪ್ಪುತ್ತದೆಂದು ಅವನ ಲೆಕ್ಕ. ಗೌಡರು ಟ್ರ್ಯಾಕ್ಟರನ್ನು ಹೊಸದಾಗಿ ನೋಡಿದರು. ಅಳಿಯನ ಮುಖ ಅರಳಿತು. ಅದು ಬಹಳ ಹೊತ್ತು ಅರಳಿರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಜುಲೈ 11

ರಾತ್ರಿ ಅಳಿಯನಿಗೆ ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತೇನೆ. ಅವನು ಅರ್ಧ ಕೇಳಿ ಮೊಬೈಲ್ ತೆಗೆದ.

ಸಾದಾ ಉಕ್ಕಿನ ತುಕ್ಕು ಪೊಳ್ಳು. ಹಕ್ಕಳೆಯಾಗಿ ಉದುರುತ್ತದೆ, ಉದುರಿದ ಕಡೆ ಹೊಸ ಉಕ್ಕು ಬಯಲಾಗುತ್ತದೆ, ಅದೂ ತುಕ್ಕಾಗುತ್ತದೆ. ಕಾರ್ಟೆನ್‌ನಲ್ಲಿ ಚೂರು ತಾಮ್ರ (ನೂರಕ್ಕೆ ಕಾಲಿನಿಂದ ಅರ್ಧ ಭಾಗ), ಚೂರು ಕ್ರೋಮಿಯಂ, ನಿಕ್ಕಲ್, ಸಿಲಿಕಾನ್, ಕೆಲವು ದರ್ಜೆಗಳಲ್ಲಿ ರಂಜಕವೂ ಹೆಚ್ಚು. ಸ್ಟೇನ್‌ಲೆಸ್‌ಗೆ ಕ್ರೋಮಿಯಂ ನೂರಕ್ಕೆ ಹತ್ತೂವರೆಯಾದರೂ ಬೇಕು, ಇದಕ್ಕೆ ಒಂದರ ಆಸುಪಾಸು ಸಾಕು. ಮೊದಮೊದಲು ಇದೂ ಎಲ್ಲ ಕಬ್ಬಿಣದಂತೆ ಕಿತ್ತಳೆ ತುಕ್ಕು ಹಿಡಿಯುತ್ತದೆ. ನೆನೆದು ಒಣಗಿ, ನೆನೆದು ಒಣಗಿ, ಒಳಪದರಕ್ಕೆ ತಾಮ್ರ, ಕ್ರೋಮಿಯಂ ಬಂದು ಸೇರಿ ತುಕ್ಕೇ ದಟ್ಟವಾಗುತ್ತದೆ. ಗಾಳಿ, ನೀರು ಸುಲಭಕ್ಕೆ ದಾಟಲಾರವು. ಎರಡು ಮೂರು ವರ್ಷ ಕಳೆದರೆ ಬಣ್ಣ ಕಡು ಕಂದಿಗೆ ತಿರುಗಿ ಸವೆತ ತೀರ ಮಂದವಾಗುತ್ತದೆ. ಮಂದವಾಗುತ್ತದೆ, ನಿಲ್ಲುವುದಿಲ್ಲ. ಈ ವ್ಯತ್ಯಾಸವನ್ನು ಮಾರುವವರು ಹೇಳುವುದಿಲ್ಲ.

ಯು.ಎಸ್. ಸ್ಟೀಲ್ ಕಂಪನಿ 1933ರಲ್ಲಿ ಇದನ್ನು ಪೇಟೆಗೆ ತಂದದ್ದು ಶಿಲ್ಪಿಗಳಿಗಲ್ಲ, ಕಲ್ಲಿದ್ದಲು ಸಾಗಿಸುವ ರೈಲು ವ್ಯಾಗನ್‌ಗಳಿಗೆ. ಸಾದಾ ಉಕ್ಕಿಗಿಂತ ಗಟ್ಟಿ. 250 ಮೆಗಾಪಾಸ್ಕಲಿಗೆ ಬಾಗುವ ಎಂಎಸ್ (ಸಾದಾ ಉಕ್ಕು) ಎದುರು ಇದರ ಒಂದು ದರ್ಜೆ 345ರವರೆಗೆ ತಡೆಯುತ್ತದೆ. ಪ್ಲೇಟು ತೆಳುವಾದರೂ ನಡೆಯುತ್ತದೆ, ವ್ಯಾಗನ್ ಹಗುರಾಗುತ್ತದೆ, ಹಗುರಾದಷ್ಟು ಹೆಚ್ಚು ಸರಕು. ನಮ್ಮ ರೈಲ್ವೆಯೂ ಐಆರ್‌ಎಸ್ ಎಂ-41 ಎಂಬ ನಿರ್ದಿಷ್ಟತೆಯಡಿ ಇದನ್ನೇ ತಂದಿತು. ಸೈಲ್‌ನವರು ಸೈಲ್‌ಕಾರ್ ಎಂದು ಮಾಡಿ ಕೊಟ್ಟರು. ಪೆರಂಬೂರಿನ ಐಸಿಎಫ್ ಬೋಗಿಗಳ ಮೈಯೂ ಇದೇ. ಬಣ್ಣ ಬಳಿದಿದ್ದರಿಂದ ಯಾರಿಗೂ ಕಾಣುತ್ತಿರಲಿಲ್ಲ. ಬಳಿದರೂ ಲಾಭವಿದೆ. ಕಲ್ಲು ತಾಗಿ ಬಣ್ಣ ಕಿತ್ತ ಕಡೆ ತುಕ್ಕು ಬಣ್ಣದಡಿಯಲ್ಲಿ ಬೇಗ ಹರಡುವುದಿಲ್ಲ.

ಆದರೂ ಬೋಗಿಗಳು ಕೊಳೆತವು. ವರ್ಕ್‌ಶಾಪಿಗೆ ಓವರ್‌ಹಾಲಿಗೆ ಬಂದ ಬೋಗಿಯ ನೆಲ ಬಿಚ್ಚಿದರೆ ಟ್ರಫ್ ಫ್ಲೋರಿನ ತಗ್ಗುಗಳಲ್ಲಿ ಶೇಂಗಾ ಸಿಪ್ಪೆ, ಚಹಾದ ಕುಡಿಕೆಯ ಚೂರು, ಕೂದಲು ಸೇರಿ ಕೆಸರಾಗಿರುತ್ತಿತ್ತು. ನೀರು ಹೋಗಲೆಂದು ಕೊರೆದ ತೂತುಗಳನ್ನು ಅದೇ ಕೆಸರು ಮುಚ್ಚಿರುತ್ತಿತ್ತು. ಸುತ್ತಿಗೆ ಬಡಿದರೆ ಒಳ್ಳೆಯ ಕಡೆ ಠಣ್ ಎನ್ನುತ್ತದೆ, ಕೆಟ್ಟ ಕಡೆ ಹಸಿ ಮಣ್ಣಿಗೆ ಬಡಿದಂತೆ. ಪಾಯಿಖಾನೆಯ ಕೆಳಗಂತೂ ಬಡಿಯುವ ಮೊದಲೇ ಬೆರಳು ಒಳಗೆ ಹೋಗುತ್ತಿತ್ತು. ಉಕ್ಕು ಅದೇ, ದರ್ಜೆ ಅದೇ. ಮೇಲಿನ ಗೋಡೆ ದಶಕಗಟ್ಟಲೆ ನಿಂತಿದೆ, ಕೆಳಗಿನ ಮೂಲೆ ಜಾಲರಿಯಾಗಿದೆ. ಕೆಳಗೆ ಒಣಗಲು ಬಿಡುವೇ ಸಿಗಲಿಲ್ಲ, ಜೊತೆಗೆ ಉಪ್ಪು ಮೂತ್ರ ಬೇರೆ. 2018ರ ಜನವರಿಯಲ್ಲಿ ಆ ಮಾದರಿಯ ಕೊನೆಯ ಬೋಗಿ ಪೆರಂಬೂರಿನಿಂದ ಹೊರಟಿತು. ಈಗಿನ ಎಲ್‌ಎಚ್‌ಬಿಗಳ ಪಕ್ಕದ ಗೋಡೆ ಸ್ಟೇನ್‌ಲೆಸ್.

ಹಾಗಾಗಿ ಯಾರಾದರೂ ಕಾರ್ಟೆನ್ ಎಂದರೆ ನಾನು ಮೊದಲು ಕೇಳುವುದು ನೀರು ಎಲ್ಲಿ ನಿಲ್ಲುತ್ತದೆ ಎಂದು. ಚೆಂದದ ಮಾತು ಆಮೇಲೆ.

ಜುಲೈ 13

ಇಡೀ ದಿನ ಗಾಳಿ. ಬಟ್ಟೆ ಒಣಹಾಕಿದರೆ ಒಣಗುವುದಕ್ಕೆ ಮೊದಲೇ ಹಾರಿಹೋಗುತ್ತದೆ. ನೈರುತ್ಯ ಮಾರುತ ಬೆಟ್ಟದ ಸಂದಿಯಿಂದ ನುಗ್ಗುತ್ತದೆ. ಆಂಡಿಪಟ್ಟಿ, ಕಂಡಮನೂರಿನ ಕಡೆ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತದ್ದು ಇದೇ ಗಾಳಿಯನ್ನು ನಂಬಿ. ಕುಮುಳಿಯ ಕಡೆಯಿಂದ ಆಗಾಗ ತುಂತುರು ಹಾರಿಬರುತ್ತದೆ (ಇಲ್ಲಿಯವರು ಸಾರಲ್ ಎನ್ನುತ್ತಾರೆ). ಕಾಲು ಗಂಟೆಯಲ್ಲಿ ಬಂದದ್ದು ಗೊತ್ತಾಗದಂತೆ ಒಣಗುತ್ತದೆ.

ಅಳಿಯನಿಗೆ ಹೇಳಿದೆ, ಹವೆ ನಿನ್ನ ಕಡೆಗಿದೆ ಎಂದು. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು. ಕಾರ್ಟೆನ್‌ಗೆ ಇದಕ್ಕಿಂತ ಬೇರೆ ಔಷಧ ಬೇಡ. ಸಮುದ್ರ ದೂರ, ಗಾಳಿಯಲ್ಲಿ ಉಪ್ಪಿಲ್ಲ. ಇದೇ ಮನೆಯನ್ನು ರಾಮೇಶ್ವರದಲ್ಲಿ ಕಟ್ಟಿದ್ದರೆ ನಾನು ಬರುತ್ತಲೇ ಇರಲಿಲ್ಲ. ಕ್ಲೋರೈಡ್ ಸೇರಿದರೆ ಆ ದಟ್ಟ ಪದರ ಕೂಡಿಕೊಳ್ಳುವುದೇ ಇಲ್ಲ, ಹಕ್ಕಳೆ ಎದ್ದೇ ಏಳುತ್ತದೆ. ಕಾರೈಕುಡಿಯಲ್ಲಿ 1953ರಿಂದ ಕೆಲಸ ಮಾಡುತ್ತಿರುವ ಸೆಕ್ರಿ (ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆ) ಕರಾವಳಿಯಲ್ಲಿ ಲೋಹದ ತುಂಡುಗಳನ್ನು ಬಿಸಿಲಿಗೆ, ಗಾಳಿಗೆ ಒಡ್ಡಿ ವರ್ಷಗಟ್ಟಲೆ ಅಳೆದಿದೆ, ದೇಶದ ತುಕ್ಕಿನ ನಕ್ಷೆಯನ್ನೇ ಮಾಡಿದೆ. ಮೊನ್ನೆ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಹೊಸ ಪಾಂಬನ್ ಸೇತುವೆಗೆ ಸ್ಟೇನ್‌ಲೆಸ್ ಸರಳು, ಪಾಲಿಸಿಲಾಕ್ಸೇನ್ ಬಣ್ಣ ಅಂತ ಅಷ್ಟೆಲ್ಲ ಖರ್ಚು ಮಾಡಿದ್ದು ಸುಮ್ಮನೆ ಅಲ್ಲ.

ಗಾಳಿಯ ಮಾತು ಬಂದಾಗ ಅಳಿಯ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನ ಉಕ್ಕಿನ ದೇವತೆಯ ಫೋಟೋ ತೋರಿಸಿದ. ಆಂಟನಿ ಗಾರ್ಮ್‌ಲಿಯದು, 1998. 20 ಮೀಟರ್ ಎತ್ತರ, ರೆಕ್ಕೆಯಿಂದ ರೆಕ್ಕೆಗೆ 54 ಮೀಟರ್, ಬಣ್ಣವಿಲ್ಲ. ಗುಡ್ಡದ ಮೇಲೆ ನಿಂತಿದೆ. ಹೌದು ಕಣಪ್ಪಾ, ಗುಡ್ಡದ ಮೇಲೆ ನಿಂತಿದೆ ಎಂದೆ. ಮಾತು ಅವನಿಗೆ ತಲುಪಲಿಲ್ಲ.

ಜುಲೈ 14

ಇವತ್ತಿನದು ಬರೆಯಲೇಬೇಕು.

ಬೆಳಿಗ್ಗೆ ಆಳುಗಳು ದ್ರಾಕ್ಷಿಗೆ ಔಷಧಿ ಹೊಡೆಯಲು ಡ್ರಮ್ಮಿನಲ್ಲಿ ಬೋರ್ಡೋ ಕಲಸುತ್ತಿದ್ದರು. ಮೈಲುತುತ್ತ ಒಂದು ಕಡೆ, ಸುಣ್ಣದ ನೀರು ಇನ್ನೊಂದು ಕಡೆ. ಡ್ರಮ್ಮು ಪ್ಲಾಸ್ಟಿಕ್ಕಿನದು. ಕಬ್ಬಿಣದ್ದು ಯಾಕಿಲ್ಲ ಎಂದು ಅಳಿಯನನ್ನು ಕೇಳಿದೆ. ಹಗುರ ಇರಬೇಕು, ಅದಕ್ಕೆ ಎಂದ.

ಸುಣ್ಣ ಸೇರಿಸುವ ಮೊದಲಿನ ಮೈಲುತುತ್ತದ ನೀರನ್ನು ಒಂದು ಲೋಟದಲ್ಲಿ ತೆಗೆದುಕೊಂಡೆ. ಅಳಿಯನ ಸ್ಯಾಂಪಲ್ ತುಂಡೊಂದರ ಹಿಂಬದಿಯನ್ನು ಉಪ್ಪುಕಾಗದದಿಂದ ಉಜ್ಜಿ ಬೆಳ್ಳಗೆ ಮಾಡಿ ನಾಲ್ಕು ಹನಿ ಬಿಟ್ಟೆ. ನೀಲಿ ಹನಿಯ ಅಡಿಯಲ್ಲಿ ಉಕ್ಕು ನೋಡುತ್ತಿದ್ದಂತೆ ಕೆಂಪಾಯಿತು. ತುಕ್ಕಿನ ಕೆಂಪಲ್ಲ, ಹೊಸ ಚೊಂಬಿನ ಕೆಂಪು. ಬೆರಳಿಂದ ಒರೆಸಿದರೆ ತಾಮ್ರದ ಪುಡಿ ಉಗುರಿಗೆ ಅಂಟಿತು, ಕೆಳಗೆ ಉಕ್ಕು ಕಪ್ಪಾಗಿ ತಗ್ಗು ಬಿದ್ದಿತ್ತು. ಕಬ್ಬಿಣ ಕರಗಿ ನೀರಿಗೆ ಹೋಯಿತು, ನೀರಿನಲ್ಲಿದ್ದ ತಾಮ್ರ ಆ ಜಾಗಕ್ಕೆ ಬಂದು ಕೂತಿತು. ಹಾಗೆ ಕೂತ ತಾಮ್ರ ಸುಮ್ಮನಿರುವುದಿಲ್ಲ, ತೇವ ಸಿಕ್ಕಿದಾಗಲೆಲ್ಲ ಪಕ್ಕದ ಉಕ್ಕನ್ನು ಬ್ಯಾಟರಿಯ ಹಾಗೆ ತಿನ್ನುತ್ತಲೇ ಇರುತ್ತದೆ.

ಉಕ್ಕು ಕರಗಿಸುವಾಗಲೇ ಒಳಗೆ ಬೆರೆಸಿದ ತಾಮ್ರ ಇದನ್ನು ಕಾಯುತ್ತದೆ, ಹೊರಗಿನಿಂದ ಸಿಂಪಡಿಸಿದ ತಾಮ್ರ ಕೊಲ್ಲುತ್ತದೆ. ಸುಣ್ಣ ಸೇರಿದ ಮೇಲೆ ಬೋರ್ಡೋ ಇಷ್ಟು ಉಗ್ರವಲ್ಲ, ಸರಿ. ಆದರೆ ಕಲಸುವ ಜಾಗ, ತೊಳೆಯುವ ಜಾಗ, ಗಾಳಿ ಹೊತ್ತೊಯ್ಯುವ ತುಂತುರು, ಇವೆಲ್ಲ ಅಳಿಯನ ನಕ್ಷೆಯ ಹೂವಿನ ತೊಟ್ಟಿಗಳ ಪಕ್ಕದಲ್ಲೇ ಇವೆ.

ಗೌಡರು ನಿಂತು ನೋಡಿದರು. ಅವರಿಗೆ ಹೊಸದೇನಲ್ಲ. ಅವರ ತೋಟದ ಚಪ್ಪರಕ್ಕೆ ಕಲ್ಲಿನ ಕಂಬ, ಮೇಲೆ ಸತು ಲೇಪಿಸಿದ (ಜಿಐ) ತಂತಿ. ಕಂಬ ಅವರ ತಂದೆ ನೆಟ್ಟದ್ದಂತೆ. ತಂತಿಯನ್ನು ಮಾತ್ರ ಆಗಾಗ ಬದಲಾಯಿಸುತ್ತಾರೆ.

ತೊಟ್ಟಿಗಳು ನಕ್ಷೆಯಿಂದ ಹೋದವು. ಮಣ್ಣು ತುಂಬಿ ದಿನಾ ನೀರು ಹಾಕುವ ತೊಟ್ಟಿಗೆ ಈ ಉಕ್ಕು ಹೇಗೂ ಬೇಡವಾಗಿತ್ತು. ಮೈಲುತುತ್ತ ನೆಪವಾಯಿತು.

ಜುಲೈ 16. ದಿಂಡಿಗಲ್

ಪ್ಲೇಟು ಹುಡುಕಿಕೊಂಡು ದಿಂಡಿಗಲ್‌ಗೆ. ಒಬ್ಬ ವ್ಯಾಪಾರಿ ಗೋಡೌನಿನಲ್ಲಿ "ಒರಿಜಿನಲ್ ಕಾರ್ಟೆನ್ ಸಾರ್" ಎಂದು ಹಾಳೆ ತೋರಿಸಿದ. ತುಕ್ಕು ಒಳ್ಳೆಯದಾಗೇ ಇತ್ತು. ತುಕ್ಕು ಯಾವ ಉಕ್ಕಿಗಾದರೂ ಹಿಡಿಯುತ್ತದಲ್ಲ. ಉಪ್ಪು, ವಿನಿಗರ್ ಸವರಿ ವಾರದಲ್ಲಿ ಎಂಎಸ್ ಶೀಟಿಗೂ ಈ ಬಣ್ಣ ತರಿಸಬಹುದು, ಅಂಥದ್ದನ್ನೇ ಹೋಟೆಲಿನ ಗೋಡೆಗೆ ಮೆತ್ತಿ ಹಣ ಎಣಿಸಿಕೊಂಡವರಿದ್ದಾರೆ. ಕಣ್ಣಿಗೆ, ಕೈಗೆ, ಗ್ರೈಂಡರಿನ ಕಿಡಿಗೆ ಇದರ ವ್ಯತ್ಯಾಸ ಸಿಗುವುದಿಲ್ಲ. ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿದೆ. ತಾಮ್ರ ಎಷ್ಟು, ಕ್ರೋಮಿಯಂ ಎಷ್ಟು, ಹೀಟ್ ನಂಬರ್ ಯಾವುದು, ಆ ನಂಬರ್ ಪ್ಲೇಟಿನ ಮೇಲೆ ಹೊಡೆದಿದೆಯೇ. ಕಾಗದ ಇತ್ತು, ಪ್ಲೇಟಿನ ನಂಬರಿಗೆ ತಾಳೆಯಾಗಲಿಲ್ಲ. ಚಹಾ ಕುಡಿದು ಎದ್ದೆವು. ಕೊಯಮತ್ತೂರಿನ ಸ್ಟಾಕಿಸ್ಟ್ ಒಬ್ಬರ ಬಳಿ ಐಎಸ್ 11587ರ ಪ್ರಕಾರದ್ದು ಇದೆಯೆಂದು ಅಳಿಯ ಫೋನಿನಲ್ಲಿ ಖಚಿತ ಮಾಡಿಕೊಂಡ.

ಬಿಸಿಲು ಇಳಿದ ಮೇಲೆ ಬೀಗದ ಅಂಗಡಿಗಳ ಕಡೆ ಹೋದೆವು. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿಐ ಸಿಕ್ಕಿತು, ಆದರೆ ಕೈಯಿಂದ ಮಾಡುವವರು ಕರಗುತ್ತಿದ್ದಾರೆ. ಮಾವಿನಕಾಯಿ ಆಕಾರದ ಬೀಗವೊಂದನ್ನು ಅಕ್ಕನಿಗೆಂದು ಕೊಂಡೆ. ಕೀಲಿ ತಿರುಗಿಸಿದರೆ ಒಳಗಿನ ಲಿವರುಗಳು ಒಂದೊಂದಾಗಿ ಏಳುವುದು ಬೆರಳಿಗೇ ಗೊತ್ತಾಗುತ್ತದೆ.

ಮೇಲೆ ಬಂಡೆಯ ಕೋಟೆ. 1755ರಲ್ಲಿ ಹೈದರ್ ಮೈಸೂರಿನ ಪರವಾಗಿ ಇಲ್ಲಿ ಫೌಜುದಾರನಾಗಿ ಬಂದವನು, ಫ್ರೆಂಚ್ ಕುಶಲಿಗಳನ್ನು ಕರೆಸಿ ಆಯುಧಶಾಲೆ ಕಟ್ಟಿಸಿದ. ಮುಂದೆ ಬ್ರಿಟಿಷರನ್ನು ಕಂಗೆಡಿಸಿದ ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳ ಹೊತ್ತಿಗೆ ಬೆಳೆದ ಆ ಕಸುಬಿಗೆ ಇಲ್ಲಿಯ ಕುಲುಮೆಯದೂ ಒಂದು ಪಾಲಿರಬಹುದು. ನನ್ನ ಊಹೆ, ಇತಿಹಾಸಕಾರರು ಜಗಳಕ್ಕೆ ಬಂದರೆ ಬಿಟ್ಟುಕೊಡುತ್ತೇನೆ.

ಜುಲೈ 17

ಚಾವಣಿಯ ಜಗಳ. ಕಾರ್ಟೆನ್ ಎಂದು ಹೆಸರಿಟ್ಟು ಮಾರಿದ ಕಂಪನಿಯೇ ತೆಳು ಹಾಳೆಯನ್ನು ಮನೆಯ ಚಾವಣಿಗೆ, ಗೋಡೆಹೊದಿಕೆಗೆ ಹಾಕಬೇಡಿ ಎನ್ನುತ್ತದೆ. ಹಾಳೆಯ ಮೇಲೆ ಹಾಳೆ ಕೂತ ಕಡೆ ಸಂದಿಯಲ್ಲಿ ನೀರು ಸಿಕ್ಕಿಕೊಳ್ಳುತ್ತದೆ, ತುಕ್ಕು ಉಬ್ಬಿ ಹಾಳೆಗಳನ್ನೇ ಬೇರೆ ಮಾಡುತ್ತದೆ. ಅಟ್ಲಾಂಟಾದ ಓಮ್ನಿ ಕ್ರೀಡಾಂಗಣ 1972ರದು. ಆ ಊರಿನ ತೇವದ ಹವೆಗೆ ಕಾರ್ಟೆನ್ ಮುಚ್ಚಿಕೊಳ್ಳದೆ ತೂತು ಬಿತ್ತು. ಕಾಲು ಶತಮಾನವಾಗುವಾಗಲೇ, 1997ರಲ್ಲಿ, ಕೆಡವಿದರು.

"ಹಂಗಾರ ಚಾವಣಿಗೆ ಏನ್ ಹಾಕ್ಲಿ?" ಎಂದ. ಹಂಚು ಹಾಕು ಎಂದೆ. ಮಧ್ಯಾಹ್ನದ ಊಟದವರೆಗೂ ಮಾತಾಡಲಿಲ್ಲ.

ಜುಲೈ 19. ಲೋಯರ್ ಕ್ಯಾಂಪ್

ಗೌಡರು ಪೆನ್ನಿಕ್ವಿಕ್ ಸ್ಮಾರಕಕ್ಕೆ ಕರೆದೊಯ್ದರು. ಕೇರಳದ ಕಡೆ ಹರಿದುಹೋಗುತ್ತಿದ್ದ ಪೆರಿಯಾರಿಗೆ 1895ರಲ್ಲಿ ಸುಣ್ಣ, ಸುರ್ಕಿಯ ಅಣೆಕಟ್ಟು ಕಟ್ಟಿ ಬೆಟ್ಟದಡಿಯ ಸುರಂಗದಿಂದ ಈ ಕಣಿವೆಗೆ ನೀರು ತಿರುಗಿಸಿದವನು. ಇಲ್ಲಿಯ ಮನೆಗಳಲ್ಲಿ ಅವನ ಪಟ ದೇವರ ಸಾಲಿನಲ್ಲಿದೆ. ಪಕ್ಕದಲ್ಲೇ ವಿದ್ಯುದಾಗಾರ, ಬೆಟ್ಟದ ಮೈಮೇಲೆ ಇಳಿದು ಬಂದ ದೊಡ್ಡ ಉಕ್ಕಿನ ಕೊಳವೆಗಳು. ಅಳಿಯ ನನ್ನ ಕಡೆ ನೋಡಿದ. ಬೇಡ, ಒಳಗೆ ಸದಾ ನೀರು. ಸದಾ ನೀರಿರುವ ಕಡೆ ಕಾರ್ಟೆನ್‌ಗೂ ಸಾದಾ ಉಕ್ಕಿಗೂ ವ್ಯತ್ಯಾಸವಿಲ್ಲ. ಅಲ್ಲಿ ಬಣ್ಣವೇ ಗತಿ.

ಆ ಸಂದರ್ಭದಲ್ಲೇ ಕಾಲುಸೇತುವೆಯ ಮಾತು ಮುಗಿಸಿದೆ. ಈ ಉಕ್ಕಿನ ದೊಡ್ಡ ಹೆಸರು ಸೇತುವೆಗಳಿಂದಲೇ ಬಂದದ್ದು. ವೆಸ್ಟ್ ವರ್ಜೀನಿಯಾದ ನ್ಯೂ ರಿವರ್ ಕಂದರದ ಸೇತುವೆ 1977ರದು, ಕಮಾನು ಒಂದೇ ನೆಗೆತಕ್ಕೆ 518 ಮೀಟರ್, ಬಣ್ಣ ಬಳಿದಿಲ್ಲ. ಆ ಎತ್ತರದಲ್ಲಿ ಹಗ್ಗಕ್ಕೆ ತೂಗಿಬಿದ್ದು ಕೆಲವು ವರ್ಷಕ್ಕೊಮ್ಮೆ ಯಾರು ಬಣ್ಣ ಬಳಿಯುತ್ತಿದ್ದರು, ಯಾರು ಕೂಲಿ ಕೊಡುತ್ತಿದ್ದರು? ಉಳಿತಾಯ ಅಲ್ಲಿದೆ. ಆದರೆ ಅದು ನದಿಯಿಂದ ಎಷ್ಟೋ ಮೇಲೆ ಗಾಳಿಯಲ್ಲಿದೆ. ಹರಿವ ನೀರಿನಿಂದ ಎಂಟು ಅಡಿಯಾದರೂ ಮೇಲಿರಬೇಕೆಂದು ಅಮೆರಿಕದ ಹೆದ್ದಾರಿ ಇಲಾಖೆಯ ಸೂಚನೆ, ನಿಂತ ನೀರಾದರೆ ಹತ್ತು. ಗೌಡರ ಕಾಲುವೆಯ ಸೇತುವೆ ನೀರಿಗೆ ಎರಡಡಿ ಮೇಲೆ, ಸುತ್ತ ಬಾಳೆ, ಕೆಸುವು. ಬಿಸಿಲು ಬೀಳುವುದಿಲ್ಲ, ಗಾಳಿ ಆಡುವುದಿಲ್ಲ. ಅಲ್ಲಿಗೆ ಕಲ್ಲುಚಪ್ಪಡಿ ಸಾಕು, ಇಲ್ಲಿ ಕಲ್ಲಿಗೇನು ಬರವೇ.

ಜುಲೈ 20

ಸಂಜೆ ತೋಟದ ಹಿಂದಿನ ಬಂಡೆ ಹತ್ತಿದೆವು. ಮೊಣಕಾಲು ಪ್ರತಿಭಟಿಸಿತು.

ಮೇಲೆ ನೀರಿನ ಟ್ಯಾಂಕು ಇಡಲು ಗೌಡರು ಜಾಗ ಗುರುತು ಮಾಡಿದ್ದಾರೆ. ಈಗಿರುವ ಹಳೆಯ ಎಂಎಸ್ ಆಂಗಲ್‌ನ ಸ್ಟ್ಯಾಂಡು ಕಾಲು ಕೊಳೆತು ವಾಲಿದೆ. ಯಾವಾಗ ಬಣ್ಣ ಬಳಿಸಿದಿರಿ ಎಂದೆ. ನಿಲ್ಲಿಸಿದ ದಿನ ಎಂದರು. ಪೇಂಟರು ಯಾರೂ ಡಬ್ಬಿ ಹೊತ್ತು ಇಲ್ಲಿಗೆ ಹತ್ತುವುದಿಲ್ಲವಂತೆ, ಹತ್ತಿದರೂ ಗಾಳಿಗೆ ಬಣ್ಣ ಮುಖಕ್ಕೇ ಹಾರುತ್ತದಂತೆ.

ನನಗೆ ಬೇಕಾಗಿದ್ದ ಜಾಗ ಇದೇ. ನಾಲ್ಕೂ ಕಡೆ ಗಾಳಿ, ಬಂಡೆಯ ಮೇಲೆ ನೀರು ನಿಲ್ಲುವುದಿಲ್ಲ, ದ್ರಾಕ್ಷಿಯ ತುಂತುರು ಇಷ್ಟೆತ್ತರ ಬರುವುದಿಲ್ಲ, ಬಣ್ಣದವನು ಬರುವುದೇ ಇಲ್ಲ. ಟ್ಯಾಂಕಿನ ಸ್ಟ್ಯಾಂಡ್ ಮಾಡು, ಅದರ ಮಗ್ಗುಲಲ್ಲೇ ಮೆಟ್ಟಿಲು, ಕಾಡುಹಂದಿ ಕಾಯಲು ಒಂದು ಅಟ್ಟಣೆ ಮಾಡು, ಎಲ್ಲ ಕಾರ್ಟೆನ್ ಎಂದೆ.

"ಮಾಮಾ, ಯಾರೂ ನೋಡದ ಜಾಗದಾಗ ಹಾಕಿದ್ರ ನನಗೇನು ಬಂತು?"

ಅತಿಥಿಗಳು ಬೆಳಗಾಗೆದ್ದು ಸೂರ್ಯೋದಯ ನೋಡಲು ಇಲ್ಲಿಗೇ ಬರುತ್ತಾರೆ ಎಂದರು ಗೌಡರು. ಅಳಿಯ ಪೆನ್ಸಿಲ್ ತೆಗೆದ.

ಕತ್ತಲಾಗುವವರೆಗೆ ಕೂತು ಬರೆದುಕೊಟ್ಟ ಸೂಚನೆಗಳು: ಕಾಲುಗಳನ್ನು ಹೂಳಬೇಡಿ, ಅರ್ಧ ಅಡಿ ಕಾಂಕ್ರೀಟ್ ಪೀಠದ ಮೇಲೆ ಬೇಸ್ ಪ್ಲೇಟು, ಪೀಠಕ್ಕೆ ಹೊರವಾಟ. ಬುಡದ ಒಂದಡಿ ಎಪಾಕ್ಸಿ ಬಳಿಯಿರಿ. ಬಾಯಿ ತೆರೆದ ಚಾನೆಲ್ ಮಲಗಿಸಿದರೆ ಬಾಯಿ ಕೆಳಗಿರಲಿ, ಮೇಲಿದ್ದರೆ ಅದು ತೊಟ್ಟಿ. ಟ್ಯಾಂಕು ತುಂಬಿ ಚೆಲ್ಲಿದ ನೀರಿಗೆ ಬೇರೆ ಪೈಪು, ಅದು ಕಾಲಿನ ಮೇಲೆ ಇಳಿಯಕೂಡದು. ಜಿಐ ಬೋಲ್ಟ್ ಬೇಡ, ಸತು ತಾನು ಕರಗಿ ಕೊಟ್ಟು ಮುಗಿದುಹೋಗುತ್ತದೆ. ಇದೇ ಜಾತಿಯ ಉಕ್ಕಿನ ಬೋಲ್ಟ್ ತರಿಸಿ. ದಪ್ಪ ಬೆಸುಗೆಯ ಕೊನೆಯ ಪದರಕ್ಕೆ ಇ8018-ಡಬ್ಲ್ಯೂ ರಾಡ್, ಸಣ್ಣ ಒಂದೇ ಸಾಲಿನದಕ್ಕೆ ಮಾಮೂಲಿ 7018 ನಡೆಯುತ್ತದೆ. ಮಿಲ್ ಸ್ಕೇಲ್ ಪೂರ್ತಿ ಬ್ಲಾಸ್ಟ್ ಮಾಡಿಸಿ, ಇಲ್ಲದಿದ್ದರೆ ಚಿಬ್ಬು ಹಿಡಿದ ಮೈಯಂತೆ ಕಾಣುತ್ತದೆ. ದಪ್ಪದಲ್ಲಿ ಮಳೆಗಾಳಿಗೆ ಒಡ್ಡಿದ ಒಂದೊಂದು ಮುಖಕ್ಕೂ ಸವೆತದ ಲೆಕ್ಕ ಸೇರಿಸಿ. ಮೊದಲ ಒಂದೆರಡು ಮಳೆಗಾಲ ತುಕ್ಕಿನ ನೀರು ಇಳಿಯುತ್ತದೆ, ಕೆಳಗೆ ಬಿಳಿ ಗೋಡೆ, ತಿಳಿ ಬಣ್ಣದ ಕಲ್ಲು ಇರದಿರಲಿ. ಪಿಟ್ಸ್‌ಬರ್ಗ್‌ನಲ್ಲಿ ಉಕ್ಕಿನ ಕಂಪನಿಯ ಸ್ವಂತ 1970ರ ಗೋಪುರವೇ ಕೆಳಗಿನ ಕಾಲುದಾರಿಗೆ ಕಲೆ ಮಾಡಿತ್ತು.

ಜುಲೈ 21

ಹೆಬ್ಬಾಗಿಲ ವಿಷಯ ನಾನು ಬಾಯಿ ತೆರೆಯುವ ಮೊದಲೇ ತೀರ್ಮಾನವಾಯಿತು. ಗೌಡರ ತಾಯಿ ಕೋಲೂರಿ ಬಂದು ಸ್ಯಾಂಪಲ್ ತುಂಡನ್ನು ತಿರುಗಿಸಿ ನೋಡಿ, ಬಾಗಿಲಿಗೆ ತುಕ್ಕು ಹಾಕಿಕೊಂಡರೆ ಲಕ್ಷ್ಮಿ ಯಾವ ದಾರಿಯಲ್ಲಿ ಬರುತ್ತಾಳೆ ಎಂದು ಕೇಳಿದರು. ತೇಗದ ಬಾಗಿಲು. ಎಂಜಿನಿಯರಿಂಗ್ ದೃಷ್ಟಿಯಿಂದ ಬಾಗಿಲು ಕಾರ್ಟೆನ್‌ನದಾದರೂ ನಡೆಯುತ್ತಿತ್ತು, ಬಂದವರ ಬಿಳಿ ಪಂಚೆಗೆ ತುಕ್ಕು ತಾಗುತ್ತಿತ್ತು ಅಷ್ಟೇ. ನಾನು ಸುಮ್ಮನಿದ್ದೆ.

ಅಜ್ಜಿಗೆ ಕೊಡಚಾದ್ರಿಯ ಕಥೆ ಹೇಳಿದೆ. ಮೂಲ ಮೂಕಾಂಬಿಕೆಯ ಗುಡಿಯ ಮುಂದೆ, ಮಲೆನಾಡಿನ ಆ ಜಡಿಮಳೆಯಲ್ಲಿ, ಬಣ್ಣ ಕಾಣದ ಕಬ್ಬಿಣದ ಧ್ವಜಸ್ತಂಭ ತಲೆಮಾರುಗಳಿಂದ ನಿಂತಿದೆ. ದೆಹಲಿಯ ಸ್ತಂಭ ಸುಮಾರು 1600 ವರ್ಷ ಹಳೆಯದು. ಅದರ ಕಬ್ಬಿಣದಲ್ಲಿ ರಂಜಕ ಹೆಚ್ಚು, ಅದೇ ಮೈಮೇಲೆ ಕಾಯುವ ತೆಳು ಪದರ ಕಟ್ಟಿತೆಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ತೋರಿಸಿಕೊಟ್ಟರು. ಅಜ್ಜಿ ಕೇಳಿ, ದೇವರ ಮುಂದಿನ ಕಂಬಕ್ಕೆ ಏನಾಗುತ್ತದೆ ಎಂದರು.

ಆಗಸ್ಟ್ 28. ಮತ್ತೆ ಕಂಬಂ

ಸ್ಟ್ಯಾಂಡು ನಿಂತಿದೆ ಎಂದು ಅಳಿಯ ಫೋನ್ ಮಾಡಿದ್ದ. ಹತ್ತಿ ನೋಡಿದರೆ ಮೂರು ಕಾಲು ಕಿತ್ತಳೆ, ಒಂದು ಕಾಲು ಮೇಲಿನಿಂದ ಕೆಳಗೆ ರೆಡ್ ಆಕ್ಸೈಡ್.

ವೆಲ್ಡರ್ ತಮ್ಮನನ್ನು ಬೈಯುವಂತಿಲ್ಲ. ಬುಡಕ್ಕೆ ಒಂದಡಿ ಬಣ್ಣ ಬಳಿ ಎಂದಿದ್ದಾರೆ, ಕೈಯಲ್ಲಿ ಡಬ್ಬಿ ಇದೆ, ಮೇಲೆ ಹೊಸ ಕಬ್ಬಿಣ ಬರಿಮೈಯಲ್ಲಿ ತುಕ್ಕು ಹಿಡಿಯುತ್ತ ನಿಂತಿದೆ. ಇಷ್ಟು ವರ್ಷ ಕೈಗೆ ಕಲಿಸಿದ್ದನ್ನು ಕೈ ಮಾಡಿತು. ಎರಡನೇ ಕಾಲಿಗೆ ಕುಂಚ ತಗಲುವ ಹೊತ್ತಿಗೆ ಗೌಡರು ಓಡಿಬಂದು ತಡೆದರಂತೆ. ಅಳಿಯನಿಗೆ ಅಳುವುದೊಂದೇ ಬಾಕಿ. ಬ್ಲಾಸ್ಟಿಂಗ್‌ನವರನ್ನು ದಿಂಡಿಗಲ್‌ನಿಂದ ಮತ್ತೆ ಕರೆಸುತ್ತೇನೆ, ಕಂಪ್ರೆಸರನ್ನು ಬಂಡೆಯ ಮೇಲೆ ಹೊರಿಸುತ್ತೇನೆ ಎಂದು ಹೊರಟಿದ್ದ.

ಬೇಡ ಎಂದೆ. ಬಣ್ಣದಡಿಯಲ್ಲೂ ಈ ಉಕ್ಕಿಗೆ ತೊಂದರೆಯಿಲ್ಲ, ಬೋಗಿಗಳ ಮೈಯಂತೆ ನಡೆದುಕೊಳ್ಳುತ್ತದೆ. ನಾಲ್ಕೂ ಕಾಲಿನ ದಪ್ಪವನ್ನು ಅಲ್ಟ್ರಾಸಾನಿಕ್ ಗೇಜಿನಿಂದ ಅಳೆದು, ಅಳೆದ ಜಾಗಕ್ಕೆ ಪಂಚ್ ಹೊಡೆದು ಗುರುತು ಮಾಡಿ, ಅಂಕಿಗಳನ್ನು ಗೌಡರ ಲೆಕ್ಕದ ಪುಸ್ತಕದಲ್ಲೇ ಬರೆಸಿದೆ. ಪ್ರತಿ ಪೊಂಗಲ್ಲಿಗೆ ಒಮ್ಮೆ ಅಳೆಯಬೇಕು. ಬಣ್ಣ ಕಿತ್ತುಬಂದರೆ ಮತ್ತೆ ಬಳಿಯಬೇಕಾದದ್ದು ಆ ಒಂದು ಕಾಲಿಗೆ ಮಾತ್ರ, ಡಬ್ಬಿ ಹೊತ್ತು ಹತ್ತಬೇಕಾದವನು ಅದೇ ತಮ್ಮ. ಅವನು ಒಪ್ಪಿಕೊಂಡ. ಕೂಲಿ ಎಷ್ಟು ಎಂದು ಈಗಲೇ ಮಾತಾಡಿಕೊಳ್ಳೋಣ ಅಂದ.